ಮಾನದ ಮಾತು

"ಚಹಾ ಬ್ಯಾಡ. ಸಂಬಂಧಾನೂ ಬ್ಯಾಡ."

ಭುಜಂಗಪ್ಪ ಕೂರದೆಯೇ ಹೇಳಿದರು. ಪಂಚವಟಿಯ ಆ ಇಕ್ಕಟ್ಟಾದ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ತಟ್ಟೆಯಲ್ಲಿ ಅರಿಸಿನ, ಕುಂಕುಮ ಸಿದ್ಧವಾಗಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಅವರು ಸೀರೆ, ಕಾಯಿ ಕೊಟ್ಟು ವೈಷ್ಣವಿಯನ್ನು ಸೊಸೆಯೆಂದು ಒಪ್ಪಿಕೊಳ್ಳಬೇಕಿತ್ತು.

ಸೇಡಂನ ಈ ತೊಗರಿ ವ್ಯಾಪಾರಿಗೆ ವರ್ಷಗಳಿಂದ ಕುತ್ತಿಗೆ ನೋವು. ಇಡೀ ದಾರಿ ಬಸ್ಸು ಕುಲುಕಿ, ವೈಜಾಪುರ ದಾಟುವಷ್ಟರಲ್ಲಿ ಕುತ್ತಿಗೆ ಎಡಕ್ಕೆ ಹಿಡಿದುಕೊಂಡುಬಿಟ್ಟಿತ್ತು. ಹಾಗಾಗಿ ಬೀಗರಾಗಬೇಕಿದ್ದವರ ಮೇಲೆ ಹರಿಹಾಯ್ದದ್ದೂ ಗೋಡೆಯ ಕ್ಯಾಲೆಂಡರು ನೋಡಿಕೊಂಡೇ.

ಹುಡುಗಿಯ ತಂದೆ ನರಹರಿ ಬೀದರಿನವರು. ಅಂಚೆ ಇಲಾಖೆಯ ನೌಕರಿಗೆಂದು ಈ ಮರಾಠಿ ಊರಿಗೆ ಬಂದು ಇಲ್ಲೇ ನೆಲೆಸಿದ್ದರು. ನೋವಿನ ಸಿಟ್ಟು ಇರಬೇಕೆಂದುಕೊಂಡು ತಗ್ಗಿಯೇ ಮಾತಾಡಿದರು.

"ಕುತ್ತಿಗಿ ಭಾಳ ನೋಯ್ಲಿಕ್ಕತ್ತದ ಅನಸ್ತದ. ವೈಷ್ಣವಿ ಗ್ರೀವಾಬಸ್ತಿ ಮಾಡ್ತಾಳ್ರಿ. ಕುತ್ತಿಗಿ ಮ್ಯಾಲ ಉದ್ದಿನ ಹಿಟ್ಟಿನ ಒಡ್ಡು ಕಟ್ಟಿ, ಅದರಾಗ ಬೆಚ್ಚಗಿನ ಎಣ್ಣಿ ನಿಲ್ಲಸ್ತಾಳ. ನೀವು ಸ್ವಲ್ಪ ಹೊತ್ತು ಬೋರಲ ಮಲಗಿದ್ರ..."

"ಊರ ಗಂಡಸರ್ನ ಮಲಗ್ಸಿದ್ದು ಸಾಲ್ದೇನು? ನನಗೂ ಮಲಗಸ್ತೀರಿ?"

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ವೈಷ್ಣವಿ ಬಾಗಿಲಿಗೆ ಬಂದು ನಿಂತಳು. ಆಯುರ್ವೇದ ಓದಿ ಓಣಿಯ ತುದಿಯಲ್ಲೇ ದವಾಖಾನೆ ಇಟ್ಟವಳು. ಅವಳ ಕೈಗೆ ಎಣ್ಣೆಯ ವಾಸನೆ ಹತ್ತಿಕೊಂಡುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

"ಅಪ್ಪಾ, ಏನಾಯ್ತು?" ಶಿವಕಾಂತ ಗಾಬರಿಯಿಂದ ಕೇಳಿದ. ಇದೇ ಊರಿನ ಸಾತಪುರದ ಕಾರ್ಖಾನೆಯಲ್ಲಿ ದುಡಿಯುವ ಮಗ. ಹುಡುಗಿಯನ್ನು ತಾನೇ ಮೆಚ್ಚಿ, ಹಟ ಹಿಡಿದು ಅಪ್ಪನನ್ನು ಕರೆಸಿದ್ದ.

"ಹೆಣ್ಣಿನ ಸುದ್ದಿ ಬಾಯಿಬಿಟ್ಟು ಹೇಳಬಾರ್ದು. ಚೀಲ ತೊಗೋ, ನಡಿ."

ಶಿವಕಾಂತ ವೈಷ್ಣವಿಯತ್ತ ನೋಡಿದ. ಏನು ಎತ್ತ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸೀರೆಯ ಚೀಲ ಎತ್ತಿಕೊಂಡ. ಅಪ್ಪನ ಎದುರು ಹಟ ಹಿಡಿಯುವ ಗಂಡಸುತನ ಫೋನಿನಲ್ಲಷ್ಟೇ ಇತ್ತೋ ಏನೋ.

ನರಹರಿ ಬಾಗಿಲಿಗೆ ಅಡ್ಡ ನಿಂತರು. ಈಗ ಅವರ ದನಿಯೂ ಏರಿತ್ತು. "ಹೇಳೇ ಹೋಗ್ರಿ. ನನ್ನ ಮಗಳು ಏನು ಮಾಡ್ಯಾಳ?"

"ಕೇಳ್ತೀರಿ? ಕೇಳ್ರಿ ಹಂಗಾದ್ರ! ಹಾರ ತರ್ಲಿಕ್ಕ ಹೋಗಿದ್ದೆ. ಈ ಡಾಕ್ಟರ್ ಹುಡುಗಿ ಹ್ಯಾಂಗದಾಳಂತ ಹೂವಿನಾಕಿಗಿ ಹಿಂದಿದಾಗ ಕೇಳ್ದೆ. ಬಾಜೂಕ ಕುಂತ ತನ್ನ ಗಂಡನ್ನ ತೋರ್ಸಿ, ನಕ್ಕೋತ ಹೇಳಿದಳು. ನಕ್ಕೋತ! 'ಹೇ ರೋಜ್ ತಿಚ್ಯಾಕಡೇ ಜಾತಾತ್. ಹ್ಯಾಂಚೀ ಮಾನ ಗೇಲೀ ಹೋತೀ.' ಗಂಡ ದಿನಾ ಈಕಿ ಕಡಿ ಹೋಗ್ತಾನಂತ. ಮಾನ ಹೋಗಿತ್ತಂತ. ನನಗ ಮರಾಠಿ ಬರಂಗಿಲ್ಲ, ಖರೆ. ಆದ್ರ ಮಾನ ಅಂದ್ರ ಎಲ್ಲಾ ಕಡಿ ಮಾನಾನೇ ಅಲ್ಲೇನ್ರಿ?"

ನರಹರಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಶಿವಕಾಂತನ ಕೈಯಿಂದ ಚೀಲ ಜಾರಿ ಬಿತ್ತು. ಇಷ್ಟು ವರ್ಷ ಸಾತಪುರದಲ್ಲಿದ್ದವನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು.

"ವೈಷ್ಣವೀ..." ಎಂದ.

ಅವಳು ಅವನ ಮುಖ ನೋಡಲಿಲ್ಲ. ಬಿದ್ದ ಚೀಲವನ್ನು ಎತ್ತಿ, ಧೂಳು ಕೊಡವಿ, ಮತ್ತೆ ಅವನ ಕೈಗೇ ಕೊಟ್ಟಳು. ಆಮೇಲೆ ಭುಜಂಗಪ್ಪನವರ ಹಿಂದೆ ಹೋಗಿ, ಸೆಟೆದು ನಿಂತಿದ್ದ ಅವರ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಒತ್ತಿದಳು. ಅವರು ಅಯ್ಯೋ ಎಂದು ನರಳಿದರು.

"ಮರಾಠಿದಾಗ ಇದಕ್ಕ ಮಾನ ಅಂತಾರ್ರಿ."