ತಂಗಿಯ ಹೆಸರಿನ ಹಡಗು

ಅಪ್ಪನ ಹೊಸ ಹಡಗಿನ ಹಿಂಬದಿಯ ಮೇಲೆ ಬಂಗಾರದ ಬಣ್ಣದಲ್ಲಿ ‘ಲಿಡಿಯಾ’ ಎಂಬ ಹೆಸರು ಮೂಡಿದಾಗ, ನ್ಯೂಪೋರ್ಟ್ ಬಂದರಿನಲ್ಲಿ ನಿಂತಿದ್ದ ಅಕ್ಕ ಹಲ್ಡಾಳಿಗೆ ಹೊಟ್ಟೆ ಉರಿದುಹೋಯಿತು.

“ನೋಡ್ದೇನೇ, ನನ್ನ ಹೆಸರು!” ಲಿಡಿಯಾ ಕುಣಿದಳು.

ಹಲ್ಡಾ ಹಡಗಿನೊಳಕ್ಕೆ ಓಡಿದಳು. ಕೆಳಗಿನ ಅಟ್ಟಣಿಗೆಯಲ್ಲಿ ತೆವಳಿಕೊಂಡು ಹೋಗಿ, ಅಂಗಾತ ಮಲಗಿ ಅತ್ತಳು. ಮೇಲಿನ ಹಲಗೆ ಮೂಗಿಗೆ ತಾಗುವಂತಿತ್ತು. ಪಕ್ಕದಲ್ಲಿ ಬಡಗಿಯೊಬ್ಬ ಕಬ್ಬಿಣದ ಕೋಳ ಜಡಿಯುತ್ತಿದ್ದ.

“ಇಷ್ಟು ಇಕ್ಕಟ್ಟಲ್ಲಿ ಯಾರಿರ್ತಾರೆ?”

“ಆಫ್ರಿಕಾದಿಂದ ತರೋ ಗುಲಾಮರು ಕಣಮ್ಮ. ಕೂರೋಕೂ ಆಗಲ್ಲ, ಮಲಗೇ ಬರಬೇಕು.”

ಅಷ್ಟರಲ್ಲಿ ಅಪ್ಪ ಬಂದು ಅವಳ ಕೈಹಿಡಿದು ಹೊರಗೆಳೆದ. “ಅಳಬೇಡ ಕಣೇ. ಮುಂದಿನ ಹಡಗಿಗೆ ನಿನ್ನ ಹೆಸರೇ ಇಡ್ತೀನಿ.”

ಹಲ್ಡಾ ತಿರುಗಿ ಆ ಹಲಗೆಗಳನ್ನೊಮ್ಮೆ ನೋಡಿದಳು. ಕಣ್ಣೊರೆಸಿಕೊಂಡಳು.

“ಅದ್ರಲ್ಲಿ ಇದಕ್ಕಿಂತ ಜಾಸ್ತಿ ಜನ ಹಿಡೀಬೇಕು, ಅಪ್ಪಾ.”