ಕೇಳಿದರಷ್ಟೇ ಹೇಳುವ ಕೈಗಳು

ಮಂಗಳವಾರ ಮಧ್ಯಾಹ್ನ ನಗರ ಕಚೇರಿ ಬುರುಡ ಓಣಿಯ ಮುನ್ನೂರು ಜನರ ಮಣಿಕಟ್ಟಿನೊಳಗೆ ಕೂರಿಸಿದ ಯಂತ್ರಗಳ ನೆಟ್‌ವರ್ಕನ್ನು ಎರಡು ತಾಸು ಕಡಿದಿತ್ತು. ನೆಟ್‌ವರ್ಕ್ ಇಲ್ಲದ ಕೈಗೆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ತುಂಬು ಬಸುರಿ ನೀಲವ್ವ ಬಾಗಿಲ ಹೊರಗೇ ಸತ್ತಳು.

ಪ್ರತಿ ಕೈಯೊಳಗೂ ಕೂತು, ನೆಟ್‌ವರ್ಕ್ ಯಾವಾಗ ಹೋಯಿತು, ಯಾವಾಗ ಬಂತು ಎಂದು ಬರೆದಿಡುವ ಪ್ರೋಗ್ರಾಮು ಕಚೇರಿಯ ಕಸ್ತೂರಿಯದು. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಕೈಗಳಲ್ಲಿ ಮೂರು ಬಗೆಯ ಆಪರೇಟಿಂಗ್ ಸಿಸ್ಟಮ್‌ಗಳಿದ್ದವು. ಎರಡು ಬಗೆಯವು ಬದಲಾವಣೆಯಾದೊಡನೆ ತಾವೇ ಹೇಳುತ್ತವೆ. ಓಣಿಯವರಿಗೆ ಹಾಕಿದ ಹಳೆಯ ಬಗೆ ತಾನಾಗಿ ಏನೂ ಹೇಳುವುದಿಲ್ಲ. ಅದನ್ನು ಐದೈದು ಸೆಕೆಂಡಿಗೆ ಕೇಳಿ, ಹಿಂದಿನ ಉತ್ತರದೊಂದಿಗೆ ಹೋಲಿಸಿ ನೋಡಬೇಕು.

“ನಾಳೆ ನೀಲವ್ವನ ಸಾವಿನ ವಿಚಾರಣೆ ಐತಿ ಕಸ್ತೂರಿ,” ಎಂದರು ಮೇಲಧಿಕಾರಿ ಇನಾಮದಾರರು. “ಹಳೇ ಸಿಸ್ಟಮ್‌ಗೆ ಕೇಳೋ ಸಾಲಷ್ಟ ತಗದು, ಎಲ್ಲಾ ಕೈಗೂ ಹೊಸಾ ಪ್ರೋಗ್ರಾಮ್ ಕಳಸವಾ. ಹೊಸದು ಕುಂತ ಕೂಡ್ಲೆ ಓಣಿಯವರ ಹಳೇ ದಾಖಲೆ ತಾನ ಅಳಿಸಿ ಹೋಗತಾವು.”

“ನೀಲವ್ವನ ಎರಡು ತಾಸೂ ಹೋಗತಾವರೀ.”

“ಬ್ಯಾಟರಿ ಉಳೀತೈತಿ ಅಂತ ಕಾರಣಾ ಬರಿ. ಐದೈದು ಸೆಕೆಂಡಿಗೆ ‘ಆರಾಮ ಅದೀರೇನ್ರಿ’ ಅಂತ ಕೇಳಾಕ ಅವರೇನು ನಿನ್ನ ಬೀಗರೇನು?”

ಕಸ್ತೂರಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಆರಿದ ಚಹಾ ಕುಡಿದಳು. ಶವಾಗಾರದಲ್ಲಿದ್ದ ನೀಲವ್ವನ ಕೈ ಇನ್ನೂ ಕೇಳಿದಾಗಲೆಲ್ಲ ‘ನೆಟ್‌ವರ್ಕ್ ಇದೆ’ ಎಂದು ಕಸ್ತೂರಿಯ ಪರದೆಯ ಮೇಲೆ ಉತ್ತರಿಸುತ್ತಿತ್ತು.

“ಎಷ್ಟೊತ್ತು ಬೇ? ಒಂದು ಸಾಲು!”

ಅವಳು ಕೀಬೋರ್ಡನ್ನು ಸಿ ಬಾರದ ಇನಾಮದಾರರ ಮುಂದೆ ಸರಿಸಿದಳು.

“ನಾ ತಗಿಯಂಗಿಲ್ರಿ ಸರ,” ಎಂದಳು.