ಸಡಿಲ ಪಟ್ಟಿ

ಬುರುಜಿನೊಳಗೆ ಇದ್ದವರು ಮೂವರು: ಕಾವಲಿನ ಇಮಾಮಸಾಬ, ಅವನ ಜೊತೆಗಾರ ಫಕೀರಪ್ಪ, ಗಾಯಕ್ಕೆ ಪಟ್ಟಿ ಕಟ್ಟುವ ನೀಲವ್ವ, ಫಕೀರಪ್ಪನ ಹೆಂಡತಿ. ವೈರಿ ಬಾಗಿಲಿಗೆ ಬಂದರೆ ಒಳಗಿದ್ದವರಲ್ಲಿ ಯಾರ ಮೈ ಹೆಚ್ಚು ಗಟ್ಟಿಯೋ ಅವರ ಕಾಲು ತಾನಾಗಿ ಎದ್ದು ಹೊರಗೆ ನಡೆಯುತ್ತಿತ್ತು. ಉಳಿದವರದು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅಜ್ಜನ ಕಾಲದಿಂದಲೂ ಹಾಗೇ. ಈ ಮೂವರಲ್ಲಿ, ಗಾಯವಿದ್ದರೂ, ಈವರೆಗೆ ಎದ್ದವರು ಆ ಇಬ್ಬರು ಗಂಡಸರೇ.

"ಅಕ್ಕಾ, ಸ್ವಲ್ಪ ಸಡಲ ಕಟ್ಟ," ಎಂದು ಇಮಾಮಸಾಬ ಗಾಯವಾದ ತೊಡೆ ಚಾಚಿದ. "ಬಿಗಿ ಕಟ್ಟಿದಿ ಅಂದ್ರ ಇವತ್ತ ನನ್ನ ಕಾಲ ಏಳ್ತಾವ. ಮಗಳಿಗೆ ಇನ್ನೂ ಹಲ್ಲ ಬಂದಿಲ್ಲ."

ಇವನು ಏಳದಿದ್ದರೆ ಗಂಡ ಏಳುತ್ತಾನೆ. ನೀಲವ್ವ ಫಕೀರಪ್ಪನತ್ತ ನೋಡಿದಳು. ಅವನು ಹೆಗಲಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಅವಳು ಇಮಾಮಸಾಬನಿಗೆ ಸಡಿಲವಾಗಿಯೇ ಕಟ್ಟಿದಳು. ಆಮೇಲೆ ಗಂಡನ ಹೆಗಲಿನ ಪಟ್ಟಿಯನ್ನೂ ಬಿಚ್ಚಿಬಿಟ್ಟಳು. ಮಾಯುತ್ತಿದ್ದ ಗಾಯದಿಂದ ಮತ್ತೆ ರಕ್ತ ಒಸರಿತು. ಇಬ್ಬರೂ ಏಳದಿದ್ದರೆ ಬಾಗಿಲೇ ತೆರೆಯುವುದಿಲ್ಲ ಎಂದುಕೊಂಡಳು.

ಹೊರಗೆ ಬಾಗಿಲ ಬಳಿಯೇ ವೈರಿಯ ಕೊಂಬು ಕೂಗಿತು. ಇಬ್ಬರ ಕಾಲೂ ಅಲುಗಲಿಲ್ಲ. ನೀಲವ್ವ ಉಸಿರು ಬಿಡುವಷ್ಟರಲ್ಲಿ ಅವಳ ಮೊಣಕಾಲು ತಾನಾಗಿ ನೆಟ್ಟಗಾಯಿತು.

ಫಕೀರಪ್ಪ ಕೂತಲ್ಲಿಂದಲೇ ಅವಳ ಸೆರಗು ಹಿಡಿದ.

"ನಾನೂ ಒಳಗ ಅದೀನಿ ಅನ್ನೂದ ಮರತಿದ್ದೆ," ಎಂದು ಅವಳು ಪಟ್ಟಿಯ ಸುರುಳಿಯನ್ನು ಅವನ ಮಡಿಲಿಗೆ ಹಾಕಿದಳು. "ಬಿಗಿ ಕಟ್ಟಿಕೋರಿ. ನನ್ನ ಹಿಂದ ಯಾರರ ಒಬ್ರು ಏಳಾಕ ಬೇಕಲ್ಲ."